ಅಜ್ಜನನ್ನು ಕೊಂದ ಬಾಳೆಹಣ್ಣು

ಮೂವತ್ತು ವರ್ಷ ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ದುಡಿದವನಿಗೆ ತನಗೆ ಕಾಗದ ಓದಲು ಬರುತ್ತದೆಂಬ ಜಂಬ ಇರುತ್ತದೆ. ನನಗೂ ಇತ್ತು. ಊರವರ ಕಾಗದಗಳಲ್ಲಿ ತಪ್ಪು ಹುಡುಕಿ, ಅವರನ್ನು ನಾಲ್ಕು ಸಲ ಅಲೆದಾಡಿಸಿ, ಸಂಜೆ ಬ್ರಹ್ಮಪುರದ ಮನೆಗೆ ಬಂದು ನೆಮ್ಮದಿಯಾಗಿ ಚಹಾ ಕುಡಿದವನು ನಾನು. ನಮ್ಮ ಅಜ್ಜನ ಮರಣಪತ್ರವನ್ನು ಮಾತ್ರ ನಿವೃತ್ತಿಯಾಗುವವರೆಗೂ ಬಿಚ್ಚಿ ನೋಡಿರಲಿಲ್ಲ. ಅಜ್ಜ ಹೇಗೆ ಸತ್ತನೆಂಬುದು ನಮ್ಮ ಮನೆಯಲ್ಲಿ ಕೂಸಿಗೂ ಗೊತ್ತಿತ್ತು: ಜ್ವರ ಬಂದು ಮಲಗಿದ್ದವನಿಗೆ, ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಚಿಕ್ಕ ಸೊಸೆ ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ನಿಸಿದಳು, ಬೆಳಗಾಗುವುದರೊಳಗೆ ಅಜ್ಜ ಹೋದ.

ಆ ಸೊಸೆಯೇ ನನ್ನ ಚಿಗವ್ವ, ಅಪ್ಪನ ತಮ್ಮನ ಹೆಂಡತಿ. ಅಜ್ಜನ ಪುಣ್ಯತಿಥಿಗೆ ನಸುಕಿನಲ್ಲೆದ್ದು ಹೋಳಿಗೆ ಮಾಡುವವಳು ಅವಳು. ಎಡೆ ಬಡಿಸುವ ಹೊತ್ತಿಗೆ ಯಾರಾದರೂ, 'ನೀ ಬ್ಯಾಡ, ಹಿಂದ ಸರಿಯವ್ವ' ಎನ್ನುತ್ತಿದ್ದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಸರಿಯುತ್ತಿದ್ದಳು. ಎಂಟು ವರ್ಷದವನಿದ್ದಾಗ ಒಮ್ಮೆ ಅವಳು ಕೊಟ್ಟ ಹಣ್ಣು ಹಿಡಿದು, 'ನನಗೂ ಕೊಲ್ತಿ ಏನು?' ಎಂದಿದ್ದೆ. ಎಲ್ಲರೂ ನಕ್ಕರು. ಜಾಣ ಎಂದು ಸೋದರತ್ತೆ ಗಲ್ಲ ಚಿವುಟಿದಳು. ಆ ಜಾಣತನ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಜ್ಜನ ಹೆಸರಿನಲ್ಲೇ ಉಳಿದಿದ್ದ ಹೊಲವನ್ನು ನಮ್ಮ ಹೆಸರಿಗೆ ಮಾಡಿಸಲು ಮರಣಪತ್ರ ಬೇಕಾಯಿತು. ಟ್ರಂಕಿನಿಂದ ತೆಗೆದರೆ ಹೈದರಾಬಾದ್ ಸಂಸ್ಥಾನದ ಕಾಲದ ಉರ್ದು ಬರಹ. ಪಕ್ಕದ ಮನೆಯ ನಿವೃತ್ತ ಉರ್ದು ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ರೋಗದ ಕಾಲಮ್ಮಿಗೆ ಬಂದು ನಿಂತರು. 'ಹೈಜಾ ಅಂದ್ರ ಕಾಲರಾ ರೀ, ತಾಊನ್ ಅಂದ್ರ ಪ್ಲೇಗು. ಇದು ಎರಡೂ ಅಲ್ಲ. ತಪ್-ಎ-ದಿಕ್ ಅಂತ ಬರದಾರ. ಕ್ಷಯ. ಎರಡು ವರ್ಸದಿಂದ ಇತ್ತಂತ.'

'ಬಾಳಿಹಣ್ಣಿನ ಸುದ್ದಿ ಏನರ ಅದ ಏನ್ರಿ?' ಎಂದು ಕೇಳಿದೆ. ಮಾಸ್ತರರು ಕಾಗದ ಬಿಟ್ಟು ನನ್ನ ಮುಖ ಓದತೊಡಗಿದರು.

ಮರುದಿನವೇ ಚಿಗವ್ವ ಇದ್ದ ಕಮಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನ್ಯಾಯಾಧೀಶನ ಠೀವಿಯಲ್ಲಿ ಕುಳಿತು, ಚಿಗವ್ವನ ಖುಲಾಸೆಯ ತೀರ್ಪನ್ನು ಬಾಯಿಪಾಠ ಮಾಡಿದೆ. ತೊಂಬತ್ತರ ಹತ್ತಿರದ ಮುದುಕಿ ಅಂಗಳದಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. 'ಚಿಗವ್ವ, ಅಜ್ಜ ಸತ್ತಿದ್ದು ಕ್ಷಯದಿಂದ, ನಿನ್ನ ಹಣ್ಣಿಂದ ಅಲ್ಲ' ಎಂದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

'ಗೊತ್ತದ ಬಿಡಪ್ಪ. ಅವರು ರಕ್ತ ಉಗುಳಿದ ಅರಿವಿ ಒಗದಾಕಿ ನಾನೇ.'

'ಮತ್ತ ಯಾಕ ಹೇಳಲಿಲ್ಲ?'

'ನಿಮ್ಮ ಸೋದರತ್ತೆಗೋಳು ಮೂರೂ ಮಂದಿ ಲಗ್ನಕ್ಕ ಇದ್ರು. ಮನಿಯಾಗ ಕ್ಷಯ ಅದ ಅಂದ್ರ ಯಾರು ಮಾಡ್ಕೋತಿದ್ರು? ಬಾಳಿಹಣ್ಣಿಂದ ಅಂತ ಹೇಳೋಣು ಅಂದಳು ನಮ್ಮತ್ತಿ, ನಿಮ್ಮ ಅಜ್ಜಿ. ಹೂಂ ಅಂದೆ. ಮೂವರದೂ ಲಗ್ನ ಆತು. ಆಮ್ಯಾಲ ಖರೇ ಹೇಳೋದು ಯಾರಿಗೂ ನೆನಪಾಗ್ಲಿಲ್ಲ.'

ನನ್ನ ಗಲ್ಲ ಚಿವುಟಿದ ಅತ್ತೆಯೂ ಆ ಮೂವರಲ್ಲಿ ಒಬ್ಬಳು. 'ಈ ಸಲ ಎಲ್ಲರ ಮುಂದ ಓದಿ ಹೇಳ್ತೀನಿ. ಎಡಿ ನೀನೇ ಬಡಸಬೇಕು' ಎಂದೆ. ಆಗ ಅವಳು ತಲೆಯೆತ್ತಿದಳು.

'ನಿನ್ನ ಮಗಳ ಲಗ್ನ ಆಗ್ಯದೇನು?'

'ಇಲ್ಲ, ವರ ನೋಡಾಕತ್ತೀವಿ.'

'ಹಂಗಾದ್ರ ಸುಮ್ಮನಿರು.'

ಕ್ಷಯಕ್ಕೆ ಈಗ ಮಾತ್ರೆ ಇದೆ, ಕಾಲ ಬದಲಾಗಿದೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಕಾಗದ ಮಡಚಿ ಒಳಜೇಬಿಗೆ ಇಟ್ಟುಕೊಂಡೆ. ಆ ವರ್ಷವೂ ಎಡೆಯ ಹೊತ್ತಿಗೆ ಚಿಗವ್ವ ಯಾರೂ ಹೇಳದೆಯೇ ಹಿಂದೆ ಸರಿದಳು. ನಾನು ಗೋಡೆ ನೋಡುತ್ತ ನಿಂತೆ. ಮಗಳ ಲಗ್ನ ಮೊನ್ನೆ ಸಾಂಗವಾಗಿ ಮುಗಿಯಿತು. ಆದ್ದರಿಂದಲೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಚಿಗವ್ವ ತೀರಿಕೊಂಡು ಎರಡು ವರ್ಷವಾಯಿತು.