ಶೆಡ್ಡಿನೊಳಗಿನ ದೊರೆ

ಎಲ್ಲ ಶುರುವಾದದ್ದು ನಾಲ್ಕು ತೊಟ್ಟು ಆಯಿಲಿನಿಂದ. ಆ ಭಾನುವಾರ ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರ ಹೆಂಡತಿ ಅಟ್ಟ ಗುಡಿಸಲೆಂದು ಏಣಿ ತರಲು ಶೆಡ್ಡಿಗೆ ಹೋದವರು ಕಾಲು ಜಾರಿ ಧೊಪ್ಪನೆ ಕೂತೇಬಿಟ್ಟರು. ಎದ್ದು ನೋಡಿದರೆ ಬಟ್ಟೆಯ ಹಿಂಭಾಗದಲ್ಲಿ ತಟ್ಟೆಯಗಲದ ಕಪ್ಪು ಮುದ್ರೆ.

ಮುದ್ರೆ ಒತ್ತಿದ್ದು ದೊರೆ. ಅಂದರೆ ಮೇಷ್ಟ್ರ ಕಾರು. ಇಂಗ್ಲೆಂಡಿನಲ್ಲಿ ಹುಟ್ಟಿದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಹಸಿರು ಸ್ಪೋರ್ಟ್ಸ್ ಕಾರಿಗೆ ಬೀದಿಯವರು ಇಟ್ಟ ಹೆಸರು ಅದು. ಒಂದು ಕಾಲದಲ್ಲಿ ಗಾಳಿಯ ಜೊತೆ ಪಂದ್ಯ ಕಟ್ಟುತ್ತಿತ್ತಂತೆ. ಈಗ ನಾಲ್ಕು ಜನ ತಳ್ಳದಿದ್ದರೆ ಮುದುಕನ ಹಾಗೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು.

"ಸಂಜೆ ಐದಕ್ಕೆ ಗುಜರಿಯವನಿಗೆ ಬರೋಕೆ ಹೇಳಿದೀನಿ," ಎಂದರು ಹೆಂಡತಿ. "ಅಷ್ಟರೊಳಗೆ ಮಾರಿದ್ರೆ ಮಾರಿ. ಇಲ್ಲಾಂದ್ರೆ ತೂಕಕ್ಕೆ ಹಾಕ್ತೀನಿ. ಶೆಡ್ ಬಾಡಿಗೆಗೆ ಕೊಡೋಣ. ಬೋರ್ಡ್ ಬರೀರಿ!"

"ಅವನು ಅದನ್ನ ತುಂಡು ತುಂಡು ಮಾಡ್ತಾನೆ ಕಣೇ!"

"ನನ್ನ ಸೊಂಟ ತುಂಡಾಗಿದ್ರೆ?"

ಮೇಷ್ಟ್ರು ದುಃಖ ನುಂಗಿಕೊಂಡು ಬೋರ್ಡು ಬರೆದರು. ಆದರೆ ಕೈ ಅಭ್ಯಾಸ ಬಿಡಬೇಕಲ್ಲ! ‘ಶೆಡ್ ಬಾಡಿಗೆಗಿದೆ’ ಎಂಬ ಅಕ್ಷರಗಳಿಗೆ ನೆರಳು ಕೊಟ್ಟರು, ಸುತ್ತ ಬಳ್ಳಿ ಹಬ್ಬಿಸಿ ಶೆಡ್ಡಿನ ಬಾಗಿಲಿಗೆ ತಗುಲಿಹಾಕಿದರು.

ಅವರ ಸಂಕಟವೇ ಬೇರೆ. ಪ್ರತಿ ಭಾನುವಾರ ‘ರಿಪೇರಿ’ ಅಂತ ಹೇಳಿ ಶೆಡ್ಡಿನ ಬಾಗಿಲು ಹಾಕಿಕೊಂಡು, ದೊರೆಯ ಮಡಿಲಲ್ಲಿ ಕೂತು ಪೇಪರ್ ಓದುತ್ತಿದ್ದರು. ಹೊರಗೆ ಕೇಳಿಸಲಿ ಅಂತ ಆಗಾಗ ಸ್ಪಾನರಿನಿಂದ ‘ಟಣ್’ ಎಂದು ಒಂದೇಟು. ಇಡೀ ಮನೆಯಲ್ಲಿ ಯಾರೂ ಅವರನ್ನು ಕೆಲಸಕ್ಕೆ ಕರೆಯದ ಜಾಗ ಅದೊಂದೇ. ಜಾಗ ಹೋದರೆ ಹೋಗಲಿ, ದೊರೆ ಮಾತ್ರ ಗುಜರಿ ಪಾಲಾಗಬಾರದು ಎಂದುಕೊಂಡು ಹಲ್ಲಿನ ಡಾಕ್ಟರಿಗೆ ಫೋನು ಮಾಡಿದರು. ಹಿಂದೊಮ್ಮೆ ಮೇಷ್ಟ್ರ ದವಡೆ ಹಲ್ಲು ಕೀಳುವಾಗ ಡಾಕ್ಟರು ‘ಕಾರ್ ಮಾರ್ತೀರಾ?’ ಅಂತ ಕೇಳಿದ್ದರು. ಬಾಯಲ್ಲಿ ಇಕ್ಕಳ ಇದ್ದದ್ದರಿಂದ ಉತ್ತರ ಬಾಕಿ ಉಳಿದಿತ್ತು.

ಮೂರು ಗಂಟೆಗೆ ಡಾಕ್ಟರು ಬಂದರು. ಅವರ ಬೆನ್ನಿಗೇ ಪಕ್ಕದ ಮನೆಯ ರಿಟೈರ್ಡ್ ಬಸ್ ಕಂಡಕ್ಟರು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಹಾಜರು. ದೊರೆಯನ್ನು ತಳ್ಳಿಸುವುದು ತಮ್ಮ ಡ್ಯೂಟಿ ಎಂದೇ ಅವರು ತಿಳಿದಿದ್ದರು.

"ಸ್ಟಾರ್ಟ್ ಆಗುತ್ತಾ?" ಡಾಕ್ಟರು ಕೇಳಿದರು.

"ಒಂದೇ ಏಟಿಗೆ," ಎಂದರು ಮೇಷ್ಟ್ರು.

"ಇಳಿಜಾರಿದ್ರೆ," ಎಂದು ಕಂಡಕ್ಟರು ಸೇರಿಸಿದರು.

"ಬ್ರೇಕು?"

"ಹಿಡಿಯುತ್ತೆ ಸಾರ್," ಅದಕ್ಕೂ ಕಂಡಕ್ಟರೇ. "ಆದ್ರೆ ಸ್ವಲ್ಪ ಯೋಚ್ನೆ ಮಾಡಿ ಹಿಡಿಯುತ್ತೆ."

ಮೇಷ್ಟ್ರು ಮೆಲ್ಲಗೆ ಅವರ ಕಾಲು ತುಳಿದರು.

"ಯಾಕ್ರೀ ಕಾಲು ತುಳೀತೀರಾ? ಇದ್ದಿದ್ದನ್ನೇ ಹೇಳ್ದೆ!"

ಡಾಕ್ಟರ ಕಡೆಯ ಬಾಗಿಲು ತೆರೆದುಕೊಳ್ಳದ್ದರಿಂದ ಅವರು ಗೋಡೆ ಹಾರುವ ಕಳ್ಳನ ಹಾಗೆ ಒಳಗೆ ಇಳಿದರು. ಮೇಷ್ಟ್ರು ಸ್ಟೇರಿಂಗ್ ಹಿಡಿದರು. ಕಂಡಕ್ಟರು ನಾಲ್ಕು ಜನರನ್ನು ಹಿಂದೆ ನಿಲ್ಲಿಸಿ ಸೀಟಿ ಊದಿದರು. "ರೈಟ್! ರೈಟ್!"

ಇಳಿಜಾರಿನಲ್ಲಿ ದೊರೆ ಗುಡುಗಿ ಎದ್ದ. ಎಡಕ್ಕೆ ತಿರುಗಿದ ಕೂಡಲೇ ಹಾರನ್ ತಾನಾಗಿ ಬೊಬ್ಬೆ ಹಾಕಿತು. ಮೇಷ್ಟ್ರು ಬ್ರೇಕ್ ತುಳಿದರು. ಬ್ರೇಕು ಯೋಚನೆ ಮಾಡಿತು. ಅದು ಯೋಚಿಸಿ ಮುಗಿಸುವಷ್ಟರಲ್ಲಿ ಕಾರಿನ ಮೂತಿ ಬಟ್ಟೆ ಅಂಗಡಿಯ ಮೆಟ್ಟಿಲಿಗೆ ತಾಗಿ, ಬಾಗಿಲಲ್ಲಿದ್ದ ಸೂಟು ತೊಟ್ಟ ಗೊಂಬೆ ಬಂದು ಡಾಕ್ಟರ ತೊಡೆಯ ಮೇಲೆ ಕೂತಿತು. ಎಂಜಿನ್ ಆರಿಹೋಯಿತು.

ಮುಗಿಯಿತು ಕತೆ, ಎಂದು ಮೇಷ್ಟ್ರು ಕಣ್ಣು ಮುಚ್ಚಿದರು.

ಡಾಕ್ಟರು ಮಾತ್ರ ಗೊಂಬೆಯನ್ನು ಪಕ್ಕಕ್ಕಿಟ್ಟು, ಸೀಟಿಗೆ ಒರಗಿ, ಕಾಲು ಚಾಚಿದರು. "ನಿಂತಾಗ ಎಷ್ಟು ಹಾಯಾಗಿದೆ ಮೇಷ್ಟ್ರೇ! ತಗೊಂಡೆ!"

ನಾಲ್ಕೂವರೆಗೆಲ್ಲ ದೊರೆ ಡಾಕ್ಟರ ಮನೆಯ ಕಡೆ ತಳ್ಳಿಸಿಕೊಂಡು ಹೊರಟ. ಗುಜರಿಯವನು ಬಂದು, ಬೈದು ಹೋದ. ಮೇಷ್ಟ್ರು ಖಾಲಿ ಶೆಡ್ಡಿನಲ್ಲಿ ನಿಂತು, ಆಯಿಲ್ ಕಲೆ ನೋಡಿ ಮೂಗು ಒರೆಸಿಕೊಂಡರು. ಜಾಗ ಹೋದರೂ ದೊರೆ ಬದುಕಿದನಲ್ಲ!

ಆಗ ದೂರದಿಂದ ಸೀಟಿ ಕೇಳಿಸಿತು. "ರೈಟ್! ರೈಟ್!"

ದೊರೆ ವಾಪಸ್! ಸ್ಟೇರಿಂಗ್ ಹಿಡಿದವರು ಡಾಕ್ಟರು.

"ನಮ್ಮನೆಯವಳು ಗೇಟಿನೊಳಗೇ ಬಿಡ್ಲಿಲ್ಲಮ್ಮಾ," ಎಂದರು ಮೇಷ್ಟ್ರ ಹೆಂಡತಿಗೆ. "ಆಗ ನಿಮ್ಮ ಬೋರ್ಡ್ ನೆನಪಾಯ್ತು. ಎಂಥಾ ಅಕ್ಷರ! ಮರೆಯೋಕಾಗುತ್ತಾ?"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಶೆಡ್ಡಿನ ಬೀಗದ ಕೈ ಕೊಟ್ಟಾಗಿತ್ತು.

"ಅಲ್ಲ ಕಣೇ, ಆಯಿಲ್ ಸೋರುತ್ತಲ್ಲೇ!"

"ಸೋರ್ಲಿ ಬಿಡ್ರೀ. ಈಗ ಬಾಡಿಗೆ ಕೊಟ್ಟು ಸೋರುತ್ತೆ."

ಡಾಕ್ಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಹೆಂಡತಿ ಮೇಷ್ಟ್ರ ಕೈಗೆ ಚಹಾ ಲೋಟ ಕೊಟ್ಟರು. "ಪಾಪ, ಬಂದಾಗಿನಿಂದ ರಿಪೇರಿ ಮಾಡ್ತಿದಾರೆ. ಕೊಟ್ಟು ಬನ್ನಿ."

ಮೇಷ್ಟ್ರು ತಮ್ಮದೇ ಶೆಡ್ಡಿನ ಬಾಗಿಲು ತಟ್ಟಿದರು. ಬಾಗಿಲು ಗೇಣಗಲ ತೆರೆಯಿತು. ಸ್ಟೇರಿಂಗಿನ ಮೇಲೆ ಮೇಷ್ಟ್ರು ಸೀಟಿನಡಿ ಮರೆತಿದ್ದ ಪೇಪರ್ ಹರಡಿತ್ತು.

ಡಾಕ್ಟರು ಲೋಟ ತೆಗೆದುಕೊಂಡು ಪಿಸುಗುಟ್ಟಿದರು. "ನಮ್ಮನೆಯವಳು ಹುಡುಕ್ಕೊಂಡು ಬಂದ್ರೆ..."

"ರಿಪೇರಿ ಅಂತೀನಿ," ಎಂದರು ಮೇಷ್ಟ್ರು.

ಬಾಗಿಲು ಮುಚ್ಚಿತು. ಒಳಗಿನಿಂದ ಕೇಳಿಸಿತು: ಟಣ್!

"ಕೇಳಿಸ್ತಾ?" ಹಿಂದೆ ಹೆಂಡತಿಯ ದನಿ. "ನೋಡಿ ಕಲೀರಿ, ದುಡಿಯೋದು ಅಂದ್ರೆ ಹಾಗೆ! ಈಗ ಬನ್ನಿ, ಏಣಿ ಹಿಡ್ಕೊಳ್ಳಿ. ಬೆಳಿಗ್ಗೆಯಿಂದ ಅಟ್ಟ ಹಾಗೇ ಬಿದ್ದಿದೆ."