ಗುರುಬಸಮ್ಮನ ಮೈಕು

ಎಲ್ಲ ಹಾಳಾದದ್ದು ಆ ಎಕೋ ಪೆಟ್ಟಿಗೆಯಿಂದ. ಆದೋನಿಯ ಮೈಕ್‌ಸೆಟ್ ಸೇತುಮಾಧವ ಅದನ್ನು ಬೊಂಬಾಯಿಯಿಂದ ತಂದಿದ್ದ; ಒಮ್ಮೆ ಅಂದದ್ದು ಮೂರು ಸಲ ಕೇಳಿಸುತ್ತಿತ್ತು. ಜೊತೆಗೊಂದು ಕ್ಯಾಸೆಟ್ಟು. ಹಾಡಿಲ್ಲ, ಮಾತಿಲ್ಲ, ಬರೀ ಯಂತ್ರದ ದಬ್ ದಬ್. ಮುಂದಿನ ಕಾಲವೆಲ್ಲ ಇದಕ್ಕೇ ಕುಣಿಯುತ್ತದೆಂದು ಅವನ ನಂಬಿಕೆ. ಸದ್ಯಕ್ಕೆ ಆದೋನಿಯಲ್ಲಿ ಒಂದು ಕಾಲೂ ಅಲುಗಿರಲಿಲ್ಲ.

ಕೊನೆಗೆ ಎಮ್ಮಿಗನೂರಿನ ಹತ್ತಿ ವ್ಯಾಪಾರಿ ಸಿದ್ದಬಸಪ್ಪ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ಕರೆದ. "ಇವತ್ತು ಮಂದಿ ಮೆಚ್ಚಿದ್ರ ಮಗಳ ಮದುವಿಗೂ ನೀವ, ಆಚಾರ್ರ." ಆ ಮದುವೆ ಸಿಕ್ಕರೆ ಸೇತುವಿನ ಬದುಕು ದಡ ಸೇರಿದಂತೆ. ಇಲ್ಲವಾದರೆ ಅಪ್ಪ ಹೇಳಿದ ಹಾಗೆ ಪಂಚಾಂಗ ಹಿಡಿಯಬೇಕು.

ಸಿದ್ದಬಸಪ್ಪ ತಾಯಿಯ ಮಾತು ದಾಟದವನು. ಆ ತಾಯಿ ಗುರುಬಸಮ್ಮ ಹೋದ ವರ್ಷವೇ ತೀರಿಕೊಂಡಿದ್ದಳು. ಸೇತುವಿಗೆ ಅದೇನೂ ಅಡ್ಡಿಯಾಗಿ ಕಾಣಲಿಲ್ಲ. ಹಿತ್ತಲಿನ ಹತ್ತಿಕಾಳಿನ ಕೋಣೆಗೆ ಗುಟ್ಟಾಗಿ ಒಂದು ಮೈಕು ಎಳೆದ. ಅವನ ಸೋದರತ್ತೆ ಅಂಬೂಬಾಯಿ ಬಸ್ಸಿನಲ್ಲಿ ಬಂದು, ಹಿತ್ತಲಿಂದ ಆ ಕೋಣೆ ಸೇರಿ, ಮುದುಕಿಯ ದನಿಯಲ್ಲಿ "ಸಿದ್ದಬಸಪ್ಪಾ, ಈ ಹುಡುಗನ್ನ ಬಿಡಬ್ಯಾಡ" ಅನ್ನಬೇಕೆಂದು ಏರ್ಪಾಟಾಗಿತ್ತು.

ಮಟಮಟ ಮಧ್ಯಾಹ್ನ. ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ದಬ್ ದಬ್ ಶುರುವಾಯಿತು. ಕೂಸು ಕಿಟಾರನೆ ಕಿರುಚಿತು.

"ಇದೇನ್ರೀ, ಮನಿಯಾಗ ಹತ್ತಿ ಗಿರಣಿ ಹಚ್ಚೀರೇನು?" ಎಂದಳು ಪಕ್ಕದ ಮನೆಯ ಕೊಟ್ರಮ್ಮ. ಜನ ಬಿದ್ದು ಬಿದ್ದು ನಕ್ಕರು. ಸೇತು ಬೆವೆತುಹೋದ.

ಆಗ ಆ ಸದ್ದಿನ ಒಳಗಿಂದ ಒಂದು ಒಣ ದನಿ ಎದ್ದಿತು.

"ಸಿದ್ಯಾ... ಸಿದ್ಯಾ... ಸಿದ್ಯಾ..."

ನಗು ಅಡಗಿತು. ತೂಗುತ್ತಿದ್ದ ಕೈ ನಿಂತರೂ ತೊಟ್ಟಿಲು ತೂಗುತ್ತಲೇ ಇತ್ತು. ಕೂಸು ಗಪ್ಪನೆ ಸುಮ್ಮನಾಯಿತು. ಸಿದ್ದಬಸಪ್ಪನನ್ನು ಹಾಗೆ ಕರೆಯುತ್ತಿದ್ದವಳು ಅವನ ತಾಯಿ ಒಬ್ಬಳೇ. ಈ ಹೆಸರು ಅತ್ತೆಗೆ ಯಾರು ಹೇಳಿಕೊಟ್ಟರೋ ಎಂದು ಸೇತುವಿಗೂ ಅಳುಕಾಯಿತು.

"ಓಗೊಡಬ್ಯಾಡ್ರಿ, ದೆಯ್ಯಂ!" ಎಂದು ಯಾರೋ ಪಿಸುಗುಟ್ಟಿದರು.

"ದೆವ್ವ ಒಂದ ಸಲ ಕರೀತೈತಿ. ಮೂರು ಸಲ ಕರದ್ರ ನಮ್ಮವರ," ಎಂದಳು ಕೊಟ್ರಮ್ಮ. "ಓ ಅನ್ರಿ ಅಣ್ಣಾರ."

ಆ ಮೂರೂ ಎಕೋ ಪೆಟ್ಟಿಗೆಯ ಕೆಲಸವೆಂದು ಸೇತು ಬಾಯಿಬಿಡುವ ಹಾಗಿರಲಿಲ್ಲ.

"ಓ... ಯವ್ವಾ," ಎಂದ ಸಿದ್ದಬಸಪ್ಪ, ಕಣ್ಣಲ್ಲಿ ನೀರು ತಂದುಕೊಂಡು.

"ಈ ಹುಡುಗನ್ನ ಬಿಡಬ್ಯಾಡ... ಬಿಡಬ್ಯಾಡ... ಬಿಡಬ್ಯಾಡ..."

ಸಿದ್ದಬಸಪ್ಪ ಎದ್ದು ಹೋಗಿ ತಲೆಬಾಗಿಲಿಗೆ ಅಗಳಿ ಹಾಕಿದ. "ಅವ್ವ ಬಿಡಬ್ಯಾಡ ಅಂದಾಳ. ಇನ್ನ ನೀವು ಎಲ್ಲೀಗೂ ಹೋಗಂಗಿಲ್ಲ, ಆಚಾರ್ರ. ದಿನಾ ಮಧ್ಯಾಹ್ನ ಇಲ್ಲೇ ಹಚ್ಚಬೇಕು."

"ಮತ್ತ ಮದುವಿ?"

"ಸತ್ತವರು ಬರೋ ಪೆಟಿಗಿ ಮದುವ್ಯಾಗ ಹಚ್ತಾರೇನ್ರಿ? ಅದಕ್ಕ ಬ್ಯಾಂಡಿನವರಿಗೆ ಹೇಳ್ತೀನಿ."

ಸೇತು ಕೈಮುಗಿದುಬಿಟ್ಟ. "ತಪ್ಪಾತ್ರೀ! ಅದು ನಿಮ್ಮವ್ವ ಅಲ್ಲ, ನಮ್ಮತ್ತಿ! ಒಳಗ ಕೂತಾಳ, ಬರ್ರಿ ತೋರಸ್ತೀನಿ."

ಎಲ್ಲರೂ ಹಿತ್ತಲಿಗೆ ನುಗ್ಗಿದರು. ಕೋಣೆಯಲ್ಲಿ ಹತ್ತಿಕಾಳಿನ ರಾಶಿಯ ಮೇಲೆ ಮೈಕು ಒಂದೇ ಬಿದ್ದಿತ್ತು. ಅಷ್ಟರಲ್ಲಿ ಹಿತ್ತಲ ಬಾಗಿಲು ತಳ್ಳಿಕೊಂಡು ಅಂಬೂಬಾಯಿ ಏದುಸಿರು ಬಿಡುತ್ತ ಬಂದಳು.

"ಬಸ್ಸು ದಾರಿಯೊಳಗ ಕೆಟ್ಟು ನಿಂತಿತ್ತೋ ಸೇತು. ಇನ್ನೂ ಶುರು ಆಗಿಲ್ಲ ಹೌದಲ್ಲೋ?"

ಸಿದ್ದಬಸಪ್ಪ ಅವಳ ಕಡೆ ನೋಡಲೂ ಇಲ್ಲ. ಮೈಕಿಗೆ ಕಿವಿಯಿಟ್ಟು ಬಹಳ ಹೊತ್ತು ಹೂಂ ಹೂಂ ಎನ್ನುತ್ತ ಕುಳಿತ. ಆಮೇಲೆ ಸೇತುವಿನತ್ತ ತಿರುಗಿದ.

"ನಾಳಿಂದ ಇನ್ನಷ್ಟು ಜೋರು ಹಚ್ಚಬೇಕಂತ್ರಿ. ಅಲ್ಲಿ ಅವ್ವ ಒಬ್ಬಾಕಿನ ಅಲ್ಲ, ಎಲ್ಲಾರೂ ಕುಣ್ಯಾಕತ್ಯಾರಂತ."