ಹುಗ್ಗಿಗೆ ಬಿದ್ದ ಹಸಿರು ಗುರುತು

ಹೆಂಡತಿಗೆ ಸತ್ಯ ಹೇಳುವ ಧೈರ್ಯ ನನಗಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಧೈರ್ಯ ಇದೆ. ಹೆಸರು ಹೇಳಿಕೊಂಡು ಹೇಳುವ ಧೈರ್ಯ ಮಾತ್ರ ಇಲ್ಲ. ತಾಂಡೂರಿನ ಜೂನಿಯರ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವನು ನಾನು. ಇಂಥ ಸಣ್ಣ ಕೊರತೆಗೆ ಗಣಿತದಲ್ಲಿ ಪರಿಹಾರ ಇದ್ದೇ ಇರುತ್ತದೆ ಎಂದು ನಂಬಿದವನು.

ಸಂಗತಿ ಇಷ್ಟು. ಉಮಾಬಾಯಿ (ಇವಳೇ ನನ್ನ ಹೆಂಡತಿ) ಜಹೀರಾಬಾದಿನಲ್ಲಿ ಮೂರು ದಿನ ಸಿರಿಧಾನ್ಯದ ಅಡುಗೆ ತರಬೇತಿ ಮುಗಿಸಿ, ಒಂದು ಪ್ರಮಾಣಪತ್ರ ಮತ್ತು ಮೂವತ್ತು ಕಿಲೋ ನವಣೆಯೊಂದಿಗೆ ಬಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಗೋಧಿ ಹುಗ್ಗಿ ಗಡೀಪಾರಾಗಿ ನವಣೆ ಹುಗ್ಗಿಗೆ ಪಟ್ಟಾಭಿಷೇಕವಾಯಿತು. ಬೆಲ್ಲ ಅರ್ಧ; ಆರೋಗ್ಯಕ್ಕೆಂದು ಮೆಂತ್ಯದ ಪುಡಿ ಧಾರಾಳ. ಬಾಯಲ್ಲಿಟ್ಟರೆ ಇದು ಸಿಹಿಯೋ ಕಷಾಯವೋ ಎಂದು ನಾಲಿಗೆ ಗೊಂದಲಕ್ಕೆ ಬೀಳುತ್ತಿತ್ತು. ಆದರೂ ಯಾರೂ ತುಟಿಪಿಟಕ್ಕೆನ್ನಲಿಲ್ಲ. ನಮ್ಮಲ್ಲಿ ಅನ್ನವೆಂದರೆ ಪ್ರಸಾದ. ಒಂದು ಅಗುಳೂ ಬಿಡದೆ ಉಂಡು, ತಾಟು ತೊಳೆದ ನೀರನ್ನೂ ಕುಡಿದೇ ಏಳಬೇಕು. ಹೀಗಾಗಿ ನನ್ನದು, ಅವ್ವನದು, ತಮ್ಮ ಸಂಜೀವಕುಮಾರನದು, ಅವನ ಹೆಂಡತಿ ಬಸವೇಶ್ವರಿಯದು, ಎಲ್ಲರ ತಾಟೂ ಥಳಥಳ. ಉಮಾಬಾಯಿ ಅದನ್ನು ನೋಡಿ ಎಲ್ಲ ತನ್ನ ಕೈಗುಣ ಎಂದುಕೊಂಡಳು.

ಮನೆಯ ಮಟ್ಟಿಗಾಗಿದ್ದರೆ ನುಂಗಿಕೊಂಡು ಇರುತ್ತಿದ್ದೆ. ಆದರೆ ಬಸವ ಜಯಂತಿಗೆ ಹತ್ತು ದಿನ ಇರುವಾಗ, ಸಮಾಜದ ಹಿರಿಯರಾದ ಮನ್ಮಥಪ್ಪನವರು ದಾಸೋಹದ ಹುಗ್ಗಿಯನ್ನು ಅವಳಿಗೇ ವಹಿಸಿದರು. ನಾನೂರು ಮಂದಿ! ಇವಳು ಹಿಗ್ಗಿ, "ನವಣಿ ಹುಗ್ಗಿನೇ ಮಾಡ್ತೀನ್ರಿ" ಎಂದುಬಿಟ್ಟಳು. ನಾನೂರು ಮುಖಗಳು ಒಟ್ಟಿಗೆ ಹುಳ್ಳಗಾಗುವುದನ್ನು ಅವಳು ಸೌಟು ಹಿಡಿದು ನಿಂತು ನೋಡುವುದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು. ಅವಳಿಗೆ ಹೆದರುತ್ತೇನೆ, ನಿಜ. ಆದರೆ ಪ್ರೀತಿಯೂ ಇದೆಯಲ್ಲ.

ಮೊದಲು ಎಡಗೈಯಲ್ಲಿ "ಹುಗ್ಗಿ ಕಹಿ. ಗೋಧಿಯೇ ಇರಲಿ" ಎಂದು ಚೀಟಿ ಬರೆದು ಬೇಳೆ ಡಬ್ಬಿಯಲ್ಲಿಟ್ಟೆ.

"ಹೆಸರಿಲ್ಲದ ಚೀಟಿ! ಇದು ಬಾಜೂಮನಿ ಪ್ರೇಮಲಾನ ಕೆಲಸ," ಎಂದಳು ಉಮಾಬಾಯಿ. "ನಿನ್ನೆ ಹೆಪ್ಪು ಕೇಳಾಕ ಅಡಗಿಮನಿಗಿ ಬಂದಿದ್ಲು."

"ಮನಿಯವರೇ ಯಾರರೆ ಬರದಿದ್ರ?"

"ಮನಿಯವರು ಯಾಕ ಬರೀತಾರ್ರಿ? ತಾಟು ನೋಡ್ರಿ, ಹ್ಯಾಂಗ ಹೊಳೀತಾವ! ಮನಿಯವರು ಹೇಳಿದ್ರ ನಾ ಕೇಳ್ತೀನಿ. ಹೊಟ್ಟಿಕಿಚ್ಚಿನವರ ಮಾತು ಯಾಕ ಕೇಳ್ಲಿ?"

ಅಂದಿನಿಂದ ಪ್ರೇಮಲಾಳಿಗೆ ಹೆಪ್ಪು ಬಂದ್.

ಸಮಸ್ಯೆ ಈಗ ಸ್ಪಷ್ಟವಾಯಿತು. ಬರೆದವರು ಮನೆಯವರೇ ಎಂದು ಸಾಬೀತಾಗಬೇಕು. ಯಾರು ಎಂದು ಮಾತ್ರ ತಿಳಿಯಕೂಡದು. ಸಾಮಾನ್ಯ ಗಂಡಂದಿರು ಇಲ್ಲಿ ಕೈಚೆಲ್ಲುತ್ತಾರೆ. ನಾನು ಫೋನು ಕೈಗೆತ್ತಿಕೊಂಡೆ. ಇದಕ್ಕೆಂದೇ ಗೂಢಲಿಪಿಯ ಗಣಿತದ ಮೇಲೆ ನಿಂತ ಒಂದು ಆ್ಯಪ್ ಸಿಕ್ಕಿತು. ಗುಂಪಿಗೆ ಸೇರಿದ ಪ್ರತಿಯೊಬ್ಬರ ಫೋನಿನಲ್ಲೂ ಒಂದು ಗುಟ್ಟಿನ ಕೀಲಿ ಹುಟ್ಟುತ್ತದೆ. ಆ ಕೀಲಿಗಳಲ್ಲಿ ಒಂದಾದರೂ ಇಲ್ಲದೆ, ಅಲ್ಲಿ ಹೆಸರು ಹಾಕದೆ ಕಳಿಸಿದ ಪತ್ರಕ್ಕೆ ಹಸಿರು ಗುರುತು ಬೀಳದು. ಬಿದ್ದ ಮೇಲೆ ಅದು ಯಾರ ಕೀಲಿ ಎಂದು ಯಾರಿಗೂ ತಿಳಿಯದು. ಓದುತ್ತಿದ್ದಂತೆ, ಇದನ್ನು ಕಂಡುಹಿಡಿದವನೂ ಮದುವೆಯಾದವನೇ ಇರಬೇಕು ಅನ್ನಿಸಿತು.

ಮನೆಯ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ "ಎಲ್ಲರೂ ಕೂಡಲೇ ಸೇರತಕ್ಕದ್ದು" ಎಂದು ಆಜ್ಞೆ ಹೊರಡಿಸಿದೆ. ಕ್ಷಣದಲ್ಲಿ ಮೂರು ಹೆಬ್ಬೆರಳಿನ ಚಿತ್ರಗಳು ಬಂದವು (ಅವ್ವನದನ್ನು ಬಸವೇಶ್ವರಿ ಒತ್ತಿದ್ದು). ಉಮಾಬಾಯಿಯ ಫೋನಿನಲ್ಲಿ ನಾನೇ ಕೂತು ಎಲ್ಲ ಮಾಡಿಕೊಟ್ಟು, ಒಂದು ಉಪನ್ಯಾಸವನ್ನೂ ಕೊಟ್ಟೆ.

"ಅಂದ್ರ, ಹಸಿರು ಗುರ್ತು ಬಿತ್ತಂದ್ರ ಬರದೋರು ಮನಿಯವರೇ?"

"ನೂರಕ್ಕ ನೂರು."

"ಯಾರು ಅಂತ ಗೊತ್ತಾಗಂಗಿಲ್ಲ?"

"ಪರಶಿವಗೂ ಗೊತ್ತಾಗಂಗಿಲ್ಲ."

ಮರುದಿನ ಕಾಲೇಜಿನಿಂದಲೇ ಚೀಟಿಯ ಅದೇ ಮಾತನ್ನು ಆ್ಯಪಿನಲ್ಲಿ ಕಳಿಸಿದೆ. ಹಸಿರು ಗುರುತು ಬಿತ್ತು. ಸಂಜೆ ಮನೆಗೆ ಬಂದಾಗ ಉಮಾಬಾಯಿ ಅಡುಗೆಮನೆಯ ಹೊಸ್ತಿಲ ಮೇಲೆ ಫೋನು ಹಿಡಿದು ಕೂತಿದ್ದಳು. ಉಳಿದವರೆಲ್ಲ ಸುತ್ತ ನಿಂತಿದ್ದರು.

"ಖರೇ ಅದ್ರಿ. ಬರದೋರು ಮನಿಯವರೇ," ಎಂದಳು. ಧ್ವನಿ ಸಣ್ಣಗಿತ್ತು. ನನಗೆ ಗೆದ್ದ ಖುಷಿ. ಜೊತೆಗೆ ಪಾಪ ಅಂತಲೂ ಅನ್ನಿಸಿತು.

"ಯಾರಿರಬಹುದು?" ಎಂದು ಏನೂ ಅರಿಯದವನಂತೆ ತಮ್ಮನ ಕಡೆ ನೋಡಿದೆ. (ಸಂಶಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಬೇಕಲ್ಲ.)

"ನಾ ಅಲ್ಲಪ್ಪ! ವೈನಿ ಹುಗ್ಗಿ ಅಂದ್ರ ನನಗ ಜೀವ," ಎಂದ ಸಂಜೀವಕುಮಾರ.

"ನನಗಂತೂ ಅಮೃತ ಕುಡದಂಗ ಆಗ್ತದ," ಎಂದಳು ಅವ್ವ. ಹಿಂದಿನ ದಿನ ಇದೇ ಅಮೃತವನ್ನು ಅವಳು ಕಣ್ಣು ಮುಚ್ಚಿ ಗುಳಿಗೆಯಂತೆ ನುಂಗಿದ್ದನ್ನು ನಾನು ಕಂಡಿದ್ದೆ.

"ಹೋಗ್ಲಿ ಬಿಡು," ಎಂದೆ ಉದಾರವಾಗಿ. "ಐದು ಮಂದ್ಯಾಗ ಯಾರರೆ ಆಗಿರಬಹುದು. ಗಣಿತ ಹೆಸರು ಹೇಳಂಗಿಲ್ಲ."

"ಐದು ಮಂದಿ ಎಲ್ಲಿ ಅದಾರ್ರಿ? ಗುರ್ತಿನ ಮ್ಯಾಲ ಬೆರಳಿಟ್ರ ಕೆಳಗ ಬರ್ತದ, ಓದ್ರಿ."

ಓದಿದೆ. ‘ಬರೆದವರು ಈ ಗುಂಪಿನ ಸದಸ್ಯರಲ್ಲಿ ಒಬ್ಬರು ಎಂಬುದು ಖಚಿತ. ಕೀಲಿ ಹೊಂದಿರುವ ಸದಸ್ಯರು: 2.’

"ಸಂಜೀವಾ, ನೀ ಸೇರಿಲ್ಲೇನೋ?"

"ಹೆಬ್ಬಟ್ಟು ಹಾಕಿದ್ನಲ್ಲ ಅಣ್ಣಾ! ನೀ ಏನು ಕಳಿಸಿದ್ರೂ ನಾವು ಹಂಗೇ ಹಾಕ್ತೀವಿ. ಓದಂಗಿಲ್ಲ."

"ಇಬ್ಬರೊಳಗ ಒಬ್ಬಾಕಿ ನಾನು," ಎಂದಳು ಉಮಾಬಾಯಿ. "ನಾ ಬರದಿಲ್ರಿ."

ಎರಡರಲ್ಲಿ ಒಂದು ಕಳೆದರೆ ಎಷ್ಟು ಉಳಿಯುತ್ತದೆ ಎಂದು ಗಣಿತದ ಮೇಷ್ಟ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನನ್ನ ಮುಂದ ನಿಂತು ಹೇಳಿದ್ರ ನಿಮ್ಮನ್ನ ನುಂಗ್ತಿದ್ನೇನ್ರಿ?"

"ನಾನೂರು ಮಂದಿ ಮುಂದ ನಿನ್ನ ಮಾರಿ ಸಣ್ಣದಾಗಬಾರದು ಅಂತ..." ಎಂದೆ. ಅದೊಂದು ಮಾತನ್ನು ಮಾತ್ರ ನನ್ನ ಹೆಸರಿನಲ್ಲೇ ಹೇಳಿದ್ದು.

ಅವಳು ಎದ್ದು ಮನ್ಮಥಪ್ಪನವರಿಗೆ ಫೋನು ಮಾಡಿ ದಾಸೋಹಕ್ಕೆ ಗೋಧಿ ಹುಗ್ಗಿಯೇ ಎಂದಳು. ಪ್ರೇಮಲಾಳ ಮನೆಗೆ ಹೆಪ್ಪೂ ಹೋಯಿತು. ಜಯಂತಿಯ ದಿನ ಜನ ಎರಡೆರಡು ಸಲ ಬಡಿಸಿಕೊಂಡು ಉಂಡರು. ಬೆವರೊರೆಸಿಕೊಂಡು ನಗುತ್ತಿದ್ದ ಅವಳನ್ನು ನೋಡಿ ನನ್ನ ಕಣ್ಣೂ ತುಂಬಿತು.

ಉಳಿದದ್ದು ಇಪ್ಪತ್ತಾರು ಕಿಲೋ ನವಣೆ. ಮರುದಿನ ಅದರ ಹುಗ್ಗಿ ನನ್ನೊಬ್ಬನ ತಾಟಿಗೆ ಬಂತು, ಮೆಂತ್ಯದ ಸಮೇತ.

"ಅವ್ವಗ, ಸಂಜೀವಗ ಹಾಕು. ಅವರಿಗಿ ಅಮೃತ ಅಂತಲ್ಲ!"

"ಅವರ ಮಾತಿಗಿ ಹಸಿರು ಗುರ್ತು ಎಲ್ಲಿ ಅದ್ರಿ?" ಎಂದು ಫೋನು ಮುಂದೆ ಹಿಡಿದಳು. "ಹ್ಯಾಂಗ ಆಗ್ಯಾದ, ಬರೀರಿ. ಹೆಸರು ಹಾಕಬ್ಯಾಡ್ರಿ."

ಅವಳು ಎದುರಿಗೇ ಕೂತಿದ್ದಳು. ‘ಹುಗ್ಗಿ ಬಹಳ ಚೆನ್ನಾಗಿದೆ’ ಎಂದು ಬರೆದೆ. ತಕ್ಷಣ ಹಸಿರು ಗುರುತು ಬಿತ್ತು. ಬರೆದವನು ಮನೆಯವನೇ ಎಂದಷ್ಟೇ ಈ ಗಣಿತ ನೋಡುತ್ತದೆ. ಬರೆದದ್ದು ನಿಜವೇ ಎಂದು ನೋಡುವುದಿಲ್ಲ.

"ಮನಿಯವರೇ ಯಾರೋ ಭಾಳ ಚಲೋ ಅದ ಅಂತ ಬರದಾರ್ರಿ," ಎಂದು ಉಮಾಬಾಯಿ ಸೌಟು ಎತ್ತಿದಳು. "ತಾಟು ಹಿಡೀರಿ."